ಕೆರೆ ಕೇಸೂ ಕರಿ ಗೌನೂ

ನಾನು ಯಾರ ಮೇಲಾದರೂ ಅನುಮಾನ ಪಟ್ಟೆ ಅಂದರೆ ಸಾಕು, ಅದರ ಹಿಂದೆಯೇ ಒಂದು ನಗೆಪಾಟಲು ಬಂದು ನಿಲ್ಲುತ್ತೆ. ಹಾಗಂತ ಅನುಮಾನ ಪಡೋದನ್ನು ಬಿಟ್ಟಿಲ್ಲ, ಬಿಡೋದೂ ಇಲ್ಲ.

ಯಲಹಂಕದಲ್ಲಿ ವಕೀಲರ ಕರಿ ಕೋಟು, ಗೌನು ಹೊಲಿಯುವ ಅಂಗಡಿ ನನ್ನದು. ಗಂಡಸರ ಕೋಟಿಗೆ ಹೆಂಗಸು ಅಳತೆ ತೆಗೆಯೋದಾ ಅಂತ ಮೂಗು ಮುರಿದವರೇ ಇವತ್ತು ಟ್ರಯಲ್‌ಗೆ ಸಾಲಾಗಿ ಕೂರುತ್ತಾರೆ. ಶಾಲೆ ನನಗೆ ದಕ್ಕಲಿಲ್ಲ. ಬಟ್ಟೆಯ ಅಚ್ಚು ಕತ್ತರಿಸಲು ತರುತ್ತಿದ್ದ ಹಳೇ ಪೇಪರುಗಳಲ್ಲಿ ಓದು ಕಲಿತೆ. ಅದಕ್ಕೇ ನನ್ನ ಎಷ್ಟೋ ತಿಳಿವಳಿಕೆ ತೋಳಿನ ಆಕಾರದಲ್ಲಿ ಅರ್ಧಕ್ಕೆ ನಿಂತಿದೆ. ಆಮೇಲೆ ಪುಸ್ತಕಗಳನ್ನು ಕತ್ತರಿ ತಾಗಿಸದೆ ಓದಿದೆ.

ಹೊಲಿದು ಹೊಲಿದು, ಯಲಹಂಕದಿಂದ ಉತ್ತರಕ್ಕೆ ಹೋಗುವ ಬಸ್ಸು ಕೊನೆಗೆ ನಿಲ್ಲುವ ಊರಲ್ಲಿ, ಕೆರೆಯ ಪಕ್ಕ ಒಂದು ತುಂಡು ಜಮೀನು ತಗೊಂಡೆ. ಒಂದು ಬಾವಿ, ಒಂದಿಷ್ಟು ನುಗ್ಗೆ ಮರ. ಯಾರ ಹಂಗೂ ಇಲ್ಲದೆ ನನ್ನ ಹೆಸರಿಗೆ ಬಂದ ಮೊದಲ ನೆಲ. ಅದೇ ಕೆರೆಯ ಆಚೆ ದಡದಲ್ಲಿ ಒಂದು ಕಂಪನಿ ಅಣು ವಿದ್ಯುತ್ ಸ್ಥಾವರ ಕಟ್ಟುತ್ತೇವೆ ಅಂತ ಹೊರಟಿತು. ಅದನ್ನು ತಣ್ಣಗಿಡಲು ಕೆರೆಯ ನೀರು ಬೇಕಂತೆ. ಕೆರೆಗೆ ಏನಾಗುತ್ತೋ ಅದೇ ನನ್ನ ಬಾವಿಗೂ. ಪರಿಸರ ಅನುಮತಿ ಕೊಟ್ಟ ರೀತಿ ಸರಿಯಿಲ್ಲ, ರದ್ದು ಮಾಡಿ ಅಂತ ಹಸಿರು ನ್ಯಾಯಪೀಠಕ್ಕೆ ಅರ್ಜಿ ಹಾಕಿದೆ. ಅದಕ್ಕೆ ಮೊದಲೂ ಆಮೇಲೂ ನಡೆದದ್ದು ಇದು.

ದೊಡ್ಡ ಕುಕ್ಕರು

ಅನುಮತಿ ಕೊಡೋ ಮೊದಲು ಊರವರ ಮಾತು ಕೇಳಬೇಕು ಅಂತ ಕಾನೂನಿದೆ. ಹಾಗಾಗಿ ಕೆರೆ ಏರಿಯ ಮೇಲೆ ಶಾಮಿಯಾನ ಹಾಕಿ ಅಹವಾಲು ಸಭೆ ಕರೆದರು. ಸಭೆಗೆ ಮೊದಲು ಕಂಪನಿಯವರು ಮನೆಮನೆಗೂ ಒಂದೊಂದು ಪ್ರೆಷರ್ ಕುಕ್ಕರು ಹಂಚಿದರು. ಬಿಟ್ಟಿ ಬಂದದ್ದರ ಒಳಗೆ ಏನಾದರೂ ಇದ್ದೇ ಇರುತ್ತೆ ಅಂತ ನನ್ನ ಲೆಕ್ಕ. ಮೈಕು ಗೀಕು ಅಡಗಿಸಿದ್ದಾರಾ ಅಂತ ನನ್ನ ಪಾಲಿನ ಕುಕ್ಕರನ್ನು ಬಿಚ್ಚಿ ನೋಡಿದೆ. ಹಿಡಿ, ಸ್ಕ್ರೂ, ವಾಷರು. ಬೇರೇನೂ ಇರಲಿಲ್ಲ. ಮತ್ತೆ ಜೋಡಿಸಲು ಬರಲಿಲ್ಲ.

ಸಭೆಯಲ್ಲಿ ಕಂಪನಿಯ ಅಧಿಕಾರಿ ನಗುನಗುತ್ತಾ ಎದ್ದು ನಿಂತರು. "ಹೆದರ್ಕೋಬೇಡಿ ತಾಯಂದ್ರೇ. ನಮ್ ಸ್ಥಾವರ ಅಂದ್ರೆ ಏನು? ನಿಮ್ಮನೇಲಿರೋ ಕುಕ್ಕರ್ ಥರಾನೇ. ಸ್ವಲ್ಪ ದೊಡ್ಡದು, ಅಷ್ಟೇ."

ನನ್ನ ಪಕ್ಕದ ಜಮೀನಿನ ಗೌಡರ ಹೆಂಡತಿ, ತಲೆತಲಾಂತರದಿಂದ ಅದೇ ಊರಿನವರು, ಸೆರಗು ಸಿಕ್ಕಿಸಿಕೊಂಡು ಎದ್ದರು. "ಸ್ವಾಮಿ, ಮೊನ್ನೆ ನೀವ್ ಕೊಟ್ರಲ್ಲ ಕುಕ್ಕರ್ರು, ಎಲ್ಡನೇ ವಿಸಲ್‌ಗೆ ವಾಲು ಕಿತ್ಕಂಡು ಓಗಿ ಬೇಳೆಯೆಲ್ಲಾ ಸೂರ್ಗೆ ಅಂಟ್ಕಂತು. ಅದು ಇಷ್ಟು ಕುಕ್ಕರ್ರು. ಇಂಗೆ ಅಷ್ಟುದ್ದ ಕುಕ್ಕರ್ ವಾಲು ಓದ್ರೆ ನಾವೆಲ್ಲ ಎಲ್ಲೋಗಿ ಅಂಟ್ಕಬೇಕು, ಅದೊಂದ್ ಏಳ್ಬುಡಿ."

ಶಾಮಿಯಾನವೇ ಅಲ್ಲಾಡುವ ಹಾಗೆ ಜನ ನಕ್ಕರು. ಅಧಿಕಾರಿ ಬೆವರು ಒರೆಸಿಕೊಂಡು, "ಸೂರು ಕ್ಲೀನ್ ಮಾಡೋಕೆ ನಾಳೆನೇ ಜನ ಕಳಿಸ್ತೀವಮ್ಮ" ಅಂದರು.

ಸಭೆಯ ವರದಿ ನನ್ನ ಕೈ ಸೇರಿದಾಗ ಅದರಲ್ಲಿ ಹೀಗೆ ಬರೆದಿತ್ತು: "ಸ್ಥಳೀಯ ಮಹಿಳೆಯರು ಅಡುಗೆ ವಿಷಯದಲ್ಲಿ ಹೆಚ್ಚಿನ ಆಸಕ್ತಿ ತೋರಿದರು."

ಹೆಬ್ಬಾಳ

ನನ್ನ ವಕೀಲರು ಆರ್.ಟಿ. ನಗರದವರು. ಒಳ್ಳೇ ಮನುಷ್ಯ, ಆದರೆ ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಯಾವಾಗ ಫೋನ್ ಮಾಡಿದರೂ ಒಂದೇ ಮಾತು: "ಹೆಬ್ಬಾಳದಲ್ಲಿ ಸಿಕ್ಕಾಕ್ಕೊಂಡಿದೀನಿ ಅಮ್ಮ." ದಿನಾ ಹೆಬ್ಬಾಳದಲ್ಲೇ ಇರೋದಾದರೆ ಆಫೀಸೂ ಅಲ್ಲೇ ಮಾಡಬಹುದಿತ್ತಲ್ಲ? ಈ ಮನುಷ್ಯನನ್ನು ಕಂಪನಿಯವರು ಎಲ್ಲಾದರೂ ಕೂರಿಸಿಕೊಂಡು ಕಾಫಿ ಕುಡಿಸುತ್ತಿದ್ದಾರೆ ಅಂತ ನನ್ನ ಅನುಮಾನ ಗಟ್ಟಿಯಾಯಿತು.

ಒಂದು ದಿನ ಮತ್ತೆ ಅದೇ ಮಾತು ಬಂತು. ಇವತ್ತು ಕೈಯಾರೆ ಹಿಡೀಲೇಬೇಕು ಅಂತ ಅಂಗಡಿಗೆ ಬಾಗಿಲು ಎಳೆದು, ಆಟೋ ಹತ್ತಿ ಹೆಬ್ಬಾಳಕ್ಕೆ ಹೊರಟೆ. ಫ್ಲೈಓವರ್ ಕಾಣಿಸಿತು. ಆಮೇಲೆ ಬಹಳ ಹೊತ್ತು ಅದೇ ಫ್ಲೈಓವರ್ ಕಾಣಿಸುತ್ತಲೇ ಇತ್ತು. ಡ್ರೈವರು ಇಳಿದುಹೋಗಿ ಕಡಲೆಕಾಯಿ ತಂದು ನನಗೂ ಕೊಟ್ಟ. "ತಿನ್ನಿ ಅಕ್ಕಾ, ಖಾಲಿ ಕೂತ್ರೆ ತಲೆ ಕೆಡುತ್ತೆ."

ಅಷ್ಟರಲ್ಲಿ ವಕೀಲರ ಫೋನು. "ಅಮ್ಮ, ಅಂಗಡಿ ಮುಂದೆ ನಿಂತಿದೀನಿ, ಬಾಗಿಲು ಹಾಕಿದೆ. ಎಲ್ಲಿದೀರಿ ನೀವು?"

ಬಾಯಲ್ಲಿ ಕಡಲೆಕಾಯಿ ಇತ್ತು. ನುಂಗಿಕೊಂಡು ಹೇಳಿದೆ: "ಹೆಬ್ಬಾಳದಲ್ಲಿ ಸಿಕ್ಕಾಕ್ಕೊಂಡಿದೀನಿ."

ಅವರು ತಗ್ಗಿದ ದನಿಯಲ್ಲಿ ಕೇಳಿದರು: "ಅಮ್ಮ, ಕಂಪನಿಯವರು ನಿಮ್ಮನ್ನೇನೂ ಮಾತಾಡ್ಸಿಲ್ಲ ತಾನೇ?"

ಜಕ್ಕೂರಿನ ಹಕ್ಕಿ

ಕಂಪನಿಯ ವರದಿಯ ಪ್ರಕಾರ ನಮ್ಮ ಕೆರೆಯಲ್ಲಿ ಹಕ್ಕಿಗಳೇ ಇಲ್ಲ. ಅವರ ಪರಿಣತರು ಸುಡು ಮಧ್ಯಾಹ್ನ ಬಂದು, ಕಾರಿನ ಗಾಜು ಇಳಿಸದೆ ನೋಡಿ ಹೋದದ್ದನ್ನು ನಾನೇ ಕಂಡಿದ್ದೆ. "ಹಕ್ಕಿಗಳ ಫೋಟೋ ತನ್ನಿ, ಪೀಠದ ಮುಂದೆ ಇಡೋಣ" ಅಂದರು ವಕೀಲರು.

ಆ ಕೆಲಸವನ್ನು ಗೌಡರು ಹೊತ್ತುಕೊಂಡರು. ಕುಕ್ಕರಿನ ಪ್ರಶ್ನೆ ಕೇಳಿದವರ ಯಜಮಾನರು ಇವರೇ. ಕೇಸಿನಲ್ಲಿ ನನ್ನ ಜೊತೆ ಎರಡನೇ ಅರ್ಜಿದಾರರು. ಎರಡೇ ದಿನದಲ್ಲಿ ಫೋಟೋ ತಂದು ಮೇಜಿನ ಮೇಲೆ ಹರಡಿದರು. ಒಂದಕ್ಕಿಂತ ಒಂದು ಚೆಂದ. ಬೆಳ್ಳಕ್ಕಿ, ನೀರುಕಾಗೆ, ಕೊಕ್ಕು ಬಾಗಿದ ಬಣ್ಣದ ಕೊಕ್ಕರೆ. ಇಷ್ಟು ಚೆಂದ ಇದ್ದದ್ದೇ ನನಗೆ ಅನುಮಾನ ತಂತು. ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು ನೋಡಿದೆ.

"ಗೌಡ್ರೇ, ಕೊಕ್ಕರೆ ಹಿಂದೆ ಏನೋ ಎತ್ತರಕ್ಕಿದೆಯಲ್ಲ?"

"ಬೆಟ್ಟ ಇರ್ಬೇಕು."

"ಬೆಟ್ಟಕ್ಕೆ ಬಾಲ್ಕನಿ ಇದೆ. ಬಾಲ್ಕನೀಲಿ ಬಟ್ಟೆ ಒಣಗಾಕಿದಾರೆ."

ಗೌಡರು ಕೆಮ್ಮಿದರು. "ಅಂಗಲ್ಲ ಕಣಮ್ಮ, ನಮ್ ಕೆರೆ ಅಕ್ಕಿ ಒಂದ್ ಕಡೆ ನಿಲ್ಲಾಕಿಲ್ಲ. ಜಕ್ಕೂರು ಕೆರೆ ಅಕ್ಕಿ ಪಳಗಿರ್ತವೆ, ಫೋಟೋಗೆ ನಿಲ್ತವೆ. ಅಕ್ಕಿಗೇನ್ ಊರಾ? ಅವೇ ಇಲ್ಗೂ ಬತ್ತವೆ."

"ಇದರಲ್ಲಿ ಹಕ್ಕಿ ಮೇಲೆ ವಿಮಾನ ಇದೆ ಗೌಡ್ರೇ. ಜಕ್ಕೂರಲ್ಲಿರೋ ಹಾಗೆ ವಿಮಾನ ಹಾರ್ಸೋ ಕ್ಲಬ್ ನಮ್ ಕೆರೆ ಹತ್ರ ಎಲ್ಲಿದೆ?"

"ಅದೂ ಆರ್ತದಲ್ಲ, ಬುಡಿ."

ಸುಳ್ಳು ಫೋಟೋ ಇಟ್ಟು ಗೆಲ್ಲೋದಕ್ಕಿಂತ ಬಾವಿ ಕಳೆದುಕೊಳ್ಳೋದೇ ವಾಸಿ ಅಂತ ಅಷ್ಟನ್ನೂ ವಾಪಸ್ ಕೊಟ್ಟೆ. ಮುಂಜಾನೆ ನಾನೇ ಹೋಗಿ ನುಗ್ಗೆ ಮರದ ಕೆಳಗೆ ಕೂತು ತೆಗೆದೆ. ಚೆಂದ ಬರಲಿಲ್ಲ. ಆದರೆ ಹಕ್ಕಿ ನಮ್ಮವೇ.

ಮುಂದಿನ ತಿಂಗಳು ಗೌಡರು ಕೇಸಿನಿಂದ ಹಿಂದೆ ಸರಿದರು. ಕಂಪನಿಯ ಕಾಂಪೌಂಡಿಗೆ ಅವರ ಗೂಡಿನ ಇಟ್ಟಿಗೆ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಡ್ಡಗಟ್ಟಿ ಕೇಳಿದೆ, "ಏನ್ ಗೌಡ್ರೇ, ಆ ಕಡೆ ಹೋಗ್ಬಿಟ್ರಂತೆ?"

ಅವರಿಗೆ ನಿಜವಾಗಿ ನೋವಾಯಿತು. "ಎಲ್ಲಾರ ಉಂಟಾ! ನಾನು ಯಾವತ್ತಿದ್ರೂ ನಿಮ್ ಕಡೇನೇ ಕಣಮ್ಮ. ಇಟ್ಗೆ ಮಾತ್ರ ಅವರ್ ಕಡೆ."

ಬಾಯಲ್ಲಿ ಗುಂಡುಪಿನ್ನು

ಕಂಪನಿಯ ಪರ ವಾದ ಮಾಡುವ ವಕೀಲರು ಸಹಕಾರನಗರದವರು. ಕೇಸು ಹುಟ್ಟುವುದಕ್ಕೂ ಮೊದಲಿನಿಂದ ನನ್ನ ಗಿರಾಕಿ. ಅವರ ಎಡ ಭುಜ ಬಲಕ್ಕಿಂತ ತಗ್ಗು. ದಪ್ಪ ದಪ್ಪ ಕಡತ ಅದೇ ಕಂಕುಳಲ್ಲಿ ಹಿಡಿದು ಹಿಡಿದು ಹಾಗಾಗಿದೆ. ಗೌನಿನ ಎಡ ಭುಜದೊಳಗೆ ನಾನೊಂದು ಪ್ಯಾಡ್ ಕೂರಿಸಿ ಹೊಲಿದ ಮೇಲೆಯೇ ಅವರು ನೆಟ್ಟಗೆ ಕಾಣಲು ಶುರುವಾದದ್ದು. ಈ ಗುಟ್ಟು ಬಲ್ಲವರು ನಾವಿಬ್ಬರೇ. ಬೇರೆ ಟೈಲರ್ ಹತ್ತಿರ ಹೋಗಲು ಅವರಿಗೆ ಧೈರ್ಯವಿಲ್ಲ.

ಕೇಸು ನಡೆಯುತ್ತಿರುವಾಗಲೇ ಬಂದರು. ಗೌನಿನ ಪ್ಯಾಡು ಕುಗ್ಗಿತ್ತು, ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಎದುರು ಪಕ್ಷದ ಬಟ್ಟೆ ಹೊಲಿಯಬಾರದು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಕಾಲರಿಗೆ ಕೈಹಾಕಿದೆ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೇಳಿದರು, "ಮೇಡಂ, ಕೇಸು ಅಲ್ಲಿರೋದು. ಇಲ್ಲಿರೋದು ನನ್ನ ಕತ್ತು. ಸ್ವಲ್ಪ ನೆನಪಿರ್ಲಿ."

"ಅಲ್ಲಾಡ್ಬೇಡಿ, ಚುಚ್ಚುತ್ತೆ" ಅಂದೆ.

"ಹೊಸ ಕೋಟಿಗೆ ಒಳಗೆ ಜಾಸ್ತಿ ಬಟ್ಟೆ ಬಿಡಿ. ಮುಂದೆ ಬಿಚ್ಚಿ ಅಗಲ ಮಾಡೋ ಹಾಗಿರ್ಲಿ."

ನನ್ನ ಕಿವಿ ನಿಮಿರಿತು. "ಅಂದ್ರೆ ಕೇಸು ಇನ್ನೂ ವರ್ಷಾನುಗಟ್ಟಲೆ ಎಳೀತೀರಿ ಅಂತಾಯ್ತು."

"ಅಯ್ಯೋ, ಮನೇಲಿ ಹೋಳಿಗೆ ಜಾಸ್ತಿ ಆಗಿದೆ ಕಣ್ರೀ. ಅದಕ್ಕೂ ಅಣುಶಕ್ತಿಗೂ ಸಂಬಂಧ ಕಟ್ಬೇಡಿ!"

ನಾನು ನಂಬಲಿಲ್ಲ. ಅವರೂ ನನ್ನನ್ನು ನಂಬಲಿಲ್ಲ. ಗೌನು ಕೊಟ್ಟು ಬಾಗಿಲವರೆಗೆ ಹೋದವರು ತಿರುಗಿ ಬಂದು, ವಕೀಲರ ಗೌನಿಗೆಲ್ಲ ಬೆನ್ನಲ್ಲಿರುವ ಪುಟ್ಟ ಚೀಲ ತಡವಿ ನೋಡಿ ಕೇಳಿದರು: "ಇದರೊಳಗೆ ನಿಂಬೆಹಣ್ಣು ಗಿಂಬೆಹಣ್ಣು ಇಟ್ಟು ಹೊಲಿಯೋ ಯೋಚನೆ ಇಲ್ಲ ತಾನೇ?"

ಬಾಯಿಲ್ಲದ ವಕೀಲ

ಕೆರೆಗೆ ಕೈ ಹಚ್ಚಬಾರದು ಅಂತ ಪೀಠ ಕೊಟ್ಟಿದ್ದ ತಾತ್ಕಾಲಿಕ ತಡೆ ಮುಗಿಯುವ ದಿನ ಬಂತು. ಆಚೆ ದಡದಲ್ಲಿ ಕಾಲುವೆ ತೋಡುವ ಯಂತ್ರಗಳು ಹಿಂದಿನ ದಿನವೇ ಬಂದು ಸಾಲಾಗಿ ನಿಂತಿದ್ದವು. ನಮ್ಮ ಕಡೆಯಿಂದ ಯಾರೂ ವಾದಿಸದೆ ಹೋದರೆ ತಡೆ ಹೋಗುತ್ತೆ. ಸಂಜೆಯೊಳಗೆ ಏರಿ ಒಡೆಯುತ್ತಾರೆ. ಮತ್ತೆ ಯಾವ ತೀರ್ಪು ಬಂದರೂ ಕೆರೆ ವಾಪಸ್ ಬರಲ್ಲ, ನನ್ನ ಬಾವಿಯೂ ಬರಲ್ಲ.

ವಿಚಾರಣೆ ವಿಡಿಯೋದಲ್ಲಿ. ವಕೀಲರು ನನ್ನ ಅಂಗಡಿಗೇ ಬಂದು, ಇಲ್ಲಿಂದಲೇ ವಾದ ಮಾಡುವುದು ಅಂತ ಮಾತಾಗಿತ್ತು. ನಾನು ಕಟಿಂಗ್ ಮೇಜಿನ ಮೇಲೆ ಫೋನನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿ ಕೂತೆ. ವಕೀಲರಿಗೆ ಕರೆ ಮಾಡಿದರೆ ಎರಡೇ ಪದ ಕೇಳಿಸಿತು: "ಅಮ್ಮ, ಹೆಬ್ಬಾಳ..." ಆಮೇಲೆ ಫೋನು ಸತ್ತಿತು.

ನಮ್ಮ ಕೇಸು ಕೂಗಿಯೇ ಬಿಟ್ಟರು. ತೆರೆಯ ಮೇಲೆ ಇಬ್ಬರು ನ್ಯಾಯಮೂರ್ತಿಗಳು, ಪಕ್ಕದ ಚೌಕದಲ್ಲಿ ಸಹಕಾರನಗರದ ವಕೀಲರು, ಬರೀ ಕೋಟಿನಲ್ಲಿ. ಎಲ್ಲ ಇಂಗ್ಲಿಷಿನಲ್ಲೇ. ನನಗೂ ಓದಿ ಕಲಿತ ಇಂಗ್ಲಿಷ್ ಇದೆ. ಹೆದರಲಿಲ್ಲ.

"ಅರ್ಜಿದಾರರ ಪರ ಯಾರು?" ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

"ವಕೀಲರು ದಾರಿಯಲ್ಲಿದ್ದಾರೆ ಸ್ವಾಮಿ, ಸ್ವಲ್ಪ ಕಾಯಬೇಕು."

ಅವರು ಕನ್ನಡಕ ಸರಿಮಾಡಿಕೊಂಡರು. "ದಾರಿಯಲ್ಲಿ ಯಾಕೆ? ನಿಮ್ಮ ಹಿಂದೆಯೇ ನಿಂತಿದ್ದಾರಲ್ಲ. ವಾದ ಶುರುಮಾಡಲಿ."

ಬಾಗಿಲು ಹಾಕಿದ ಅಂಗಡಿಯೊಳಗೆ ಯಾರು ನುಗ್ಗಿದರು? ಕಂಪನಿಯವರೇ ಇರಬೇಕು! ಕತ್ತರಿ ಹಿಡಿದು ತಿರುಗಿದೆ. ಯಾರೂ ಇಲ್ಲ. "ಇಲ್ಲಿ ಯಾರೂ ಇಲ್ಲ ಸ್ವಾಮಿ."

"ನಮಗೆ ಗೌನು, ಕತ್ತಿನ ಬಿಳಿ ಬ್ಯಾಂಡು ಎಲ್ಲ ಕಾಣಿಸ್ತಿದೆ."

ಸಹಕಾರನಗರದವರು ತಟ್ಟನೆ ಎದ್ದರು. "ನನ್ನ ಆಕ್ಷೇಪಣೆ ಇದೆ. ಆ ವಕೀಲರು ವಕಾಲತ್ತು ಹಾಕಿಲ್ಲ. ಅವರಿಗೆ ಮಾತಾಡುವ ಹಕ್ಕಿಲ್ಲ."

"ಅವರು ಮಾತಾಡುತ್ತಲೂ ಇಲ್ಲ" ಅಂದರು ಹಿರಿಯರು. "ಕೌನ್ಸೆಲ್, ತಮ್ಮ ಹೆಸರು? ... ಯಾಕೆ ಒಂದು ಕಡೆ ವಾಲಿದ್ದೀರಿ? ಮೈ ಹುಷಾರಿಲ್ಲವೇ?"

ವಾಲಿದ್ದಾರೆ ಅನ್ನುವ ಮಾತು ಕೇಳಿದ್ದೇ ಎದುರು ವಕೀಲರು ಮುಂದೆ ಬಾಗಿದರು. ತೆರೆಯ ತುಂಬ ಅವರ ಮೂಗೇ ಆಯಿತು. ಆಮೇಲೆ ಒಂದು ಕೂಗು: "ಸ್ವಾಮಿ, ಅದು ನನ್ನ ಗೌನು!"

"ಅಂದರೆ ಅವರು ತಮ್ಮ ಆಫೀಸಿನವರೇ?"

"ಅಲ್ಲ ಸ್ವಾಮಿ, ವಕೀಲರು ಯಾರೋ ಗೊತ್ತಿಲ್ಲ. ಗೌನು ನನ್ನದು! ರಿಪೇರಿಗೆ ಕೊಟ್ಟಿದ್ದೆ."

"ತಮ್ಮ ಗೌನು ಹಾಕಿಕೊಂಡು ಅರ್ಜಿದಾರರ ಪರ ಯಾರು ಹಾಜರಾಗಿದ್ದಾರೆ ಅಂತ ತಮಗೇ ಗೊತ್ತಿಲ್ಲವೇ?"

ಆಗ ನನಗೆ ಹೊಳೆಯಿತು. ಫೋನನ್ನು ಮೇಲಕ್ಕೆ ತಿರುಗಿಸಿದೆ. ಅಳತೆ ನೋಡಲು ಗೌನು, ಬ್ಯಾಂಡು ತೊಡಿಸಿಟ್ಟಿದ್ದ ಬಟ್ಟೆಗೊಂಬೆ. ಕಾಲರಿನ ಮೇಲೆ ತಲೆಯಿಲ್ಲ. ಎಡ ಭುಜದ ಪ್ಯಾಡು ಇನ್ನೂ ಹೊಲಿಯಬೇಕಿತ್ತು, ಅದಕ್ಕೇ ವಾಲಿತ್ತು.

ಕಿರಿಯ ನ್ಯಾಯಮೂರ್ತಿಗಳಿಗೆ ನಗು ತಡೆಯಲಾಗಲಿಲ್ಲ. ಮೈಕು ಆನ್ ಇತ್ತು. ಹಿರಿಯರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆ ನಗು ಮುಗಿಯುವಷ್ಟರಲ್ಲಿ ಇನ್ನೊಂದು ಚೌಕ ತೆರೆದುಕೊಂಡಿತು. ರಸ್ತೆಯ ಡಿವೈಡರ್ ಮೇಲೆ ನಿಂತು, ಹಾರ್ನುಗಳ ನಡುವೆ ಏದುಸಿರು ಬಿಡುತ್ತಿದ್ದ ನನ್ನ ವಕೀಲರು!

ಅಲ್ಲಿಂದಲೇ ವಾದ ಮಾಡಿದರು. ಕುಕ್ಕರಿನ ಪ್ರಶ್ನೆ ಓದಿದರು, ಅದನ್ನು ಅಡುಗೆಯ ಆಸಕ್ತಿ ಅಂತ ಬರೆದದ್ದನ್ನೂ ಓದಿದರು. ನನ್ನ ಮಸುಕು ಹಕ್ಕಿಗಳನ್ನು ತೋರಿಸಿದರು. ಅಹವಾಲು ಸಭೆ ಮತ್ತೆ ಕರೆಯಬೇಕು, ಅಲ್ಲಿಯವರೆಗೆ ಕೆರೆ ಮುಟ್ಟಕೂಡದು ಅಂತ ಆದೇಶವಾಯಿತು. ಕೇಸು ಮುಗಿದಿಲ್ಲ. ಆದರೆ ಬಾವಿಯಲ್ಲಿ ಇವತ್ತಿಗೂ ನೀರಿದೆ.

ಮರುದಿನ ಎದುರು ವಕೀಲರು ಗೌನು ಬಿಡಿಸಿಕೊಳ್ಳಲು ಬಂದರು. "ನನ್ನ ಗೌನಿಂದಲೇ ನನಗೆ ಹೊಡೆದ್ರಲ್ಲ ಮೇಡಂ!"

"ಸಾರ್, ಈ ಕೇಸಲ್ಲಿ ನನ್ನ ಪರ ಅಂತ ನಿಂತವರಲ್ಲಿ ಹೆಬ್ಬಾಳಕ್ಕೂ ಹೋಗದೆ, ಇಟ್ಟಿಗೆನೂ ಮಾರದೆ ಇದ್ದದ್ದು ಇದೊಂದೇ" ಅಂದೆ.

ಅವರು ಗೌನಿನ ಅಂಚು, ಪ್ಯಾಡು, ಬೆನ್ನಿನ ಚೀಲ ಎಲ್ಲ ತಡವಿ ನೋಡಿದರು. ತೊಡಲು ಎತ್ತಿದವರು ಹಾಗೇ ಕೆಳಗಿಟ್ಟರು.

"ಬೇಡ. ಇದು ಒಂದ್ಸಲ ನಿಮ್ಮ ಕಡೆ ನಿಂತಿದೆ, ಇನ್ನು ಇದನ್ನ ನಂಬೋಕಾಗಲ್ಲ. ಹೊಸದು ಹೊಲೀರಿ." ಅಂದವರು ಗೊಂಬೆಯ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. "ಮುಗಿಯೋವರ್ಗೂ ನಾನು ಇಲ್ಲಿಂದ ಏಳಲ್ಲ."