ಕಂಪಾಲಾದ ಸಿಗ್ನಲ್, ಸರೋಜಮ್ಮನ ಸಂಡಿಗೆ

ಕಳೆದ ಮಂಗಳವಾರ ಮಧ್ಯಾಹ್ನ ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ, ಉಗಾಂಡಾದ ಮೊಬೈಲ್ ನೆಟ್‌ವರ್ಕ್ ಕುರಿತ ನನ್ನ ಲೇಖನದ ಮೊದಲ ವಾಕ್ಯ ಸಿದ್ಧವಾಯಿತು: ‘ಅಲ್ಲಿನ ಜನ ಸಿಗ್ನಲ್‌ಗಾಗಿ ಎತ್ತರದ ಜಾಗ ಹುಡುಕಿಕೊಂಡು ಹತ್ತುತ್ತಾರೆ.’ ನಾನು ಉಗಾಂಡಾ ನೋಡಿದವನಲ್ಲ. ಆದರೆ ಪತ್ರಿಕೆಯಲ್ಲಿ ಇಷ್ಟು ವರ್ಷ ಸವೆಸಿದವನಿಗೆ ಮೊದಲ ವಾಕ್ಯ ತಾನಾಗಿ ಬರುತ್ತದೆ. ಸತ್ಯವನ್ನು ಆಮೇಲೆ ಫೋನ್ ಮಾಡಿ ಕರೆಸಿಕೊಳ್ಳಬಹುದು. ಸಂಜೆ ಐದಕ್ಕೆ ಪುಟ ಅಚ್ಚಿಗೆ ಹೋಗಬೇಕಿತ್ತು. ಬೇಕಿದ್ದದ್ದು ಅಲ್ಲಿನವರ ಒಂದು ಹೇಳಿಕೆ. ಅದಕ್ಕೆ ಅಲ್ಲಿನ ರಾಜಧಾನಿ ಕಂಪಾಲಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಭಾಮೈದ ಶಿವು ಇದ್ದೇ ಇದ್ದ.

ಹಾಲ್‌ನಲ್ಲಿ ‘ಹಲೋ’ ಅನ್ನುವಷ್ಟರಲ್ಲಿ ಕರೆ ಕಟ್ಟಾಯಿತು. ರಸ್ತೆ ಅಗೆಯುವವರು ಕೇಬಲ್ ತುಂಡರಿಸಿ ವೈಫೈ ಕಥೆಯನ್ನೂ ಮುಗಿಸಿದ್ದರು. ನಮ್ಮ ಮನೆಯಲ್ಲಿ ನನ್ನ ಮೊಬೈಲ್‌ಗೆ ಜೀವ ಬರುವುದು ಟೆರೇಸಿನಲ್ಲಿ, ನೀರಿನ ಟ್ಯಾಂಕ್ ಪಕ್ಕದಲ್ಲಿ ಮಾತ್ರ. ಅಲ್ಲಿ ಕೆಳಮನೆಯ ಸರೋಜಮ್ಮ ಸಂಡಿಗೆ ಒಣಹಾಕಿದ್ದರು.

“ರೀ ಪೇಪರ್‌ನೋರೇ, ಅಲ್ಲೇ ನಿಲ್ಲಿ! ತುಳಿದುಬಿಟ್ಟೀರ!”

“ಅರ್ಜೆಂಟು ಸರೋಜಮ್ಮ. ಆಫ್ರಿಕಾಗೆ ಮಾತಾಡ್ಬೇಕು.”

“ಆಫ್ರಿಕಾ ಎಲ್ಲೂ ಓಡಿಹೋಗಲ್ಲ. ಸಂಡಿಗೆ ಇನ್ನೂ ಹಸಿ ಇದೆ. ಬೇಕಾದ್ರೆ ಟ್ಯಾಂಕ್ ಮೇಲೆ ಹತ್ತಿ. ಹಾಗೇ ಕಾಗೆ ಓಡಿಸಿ.”

ಹತ್ತಿದೆ. ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು ಇದ್ದುದರಿಂದ ಫೋನನ್ನು ಸ್ಪೀಕರ್‌ಗೆ ಹಾಕಿದೆ. ಶಿವುವಿನ ದನಿ ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು.

“ಭಾವ, ಇಲ್ಲಿ ತುಂಬಾ ಜನ ಎರಡೆರಡು ಸಿಮ್ ಇಟ್ಕೊಂಡಿರ್ತಾರೆ. ಯಾವುದ್ರಲ್ಲಿ ಆಫರ್ ಇದ್ಯೋ ಅದ್ರಲ್ಲಿ ಮಾತು. ಬ್ಯಾಂಕ್ ಅಕೌಂಟ್ ಇಲ್ದೋರೂ ಫೋನಲ್ಲೇ ದುಡ್ಡು ಕಳಿಸ್ತಾರೆ. ಕರೆನ್ಸಿ ಮುಗಿದಿದ್ರೆ ಮಿಸ್ಡ್ ಕಾಲ್.”

“ನಮ್ಮನೆಯವ್ರೂ ಹಂಗೇ ಮಾಡ್ತಿದ್ರು!” ಕೆಳಗಿನಿಂದ ಸರೋಜಮ್ಮ ಕೂಗಿದರು. “ಎರಡು ರಿಂಗ್ ಬಂದ್ರೆ ಬಸ್ ಹತ್ತಿದೀನಿ, ಅಕ್ಕಿ ತೊಳಿ ಅಂತ.”

“ಸಿಗ್ನಲ್ ಹೇಗೋ?” ಎಂದು ನನ್ನ ಮೊದಲ ವಾಕ್ಯದ ಕಡೆಗೆ ಅವನನ್ನು ಎಳೆದೆ.

“ಹಳ್ಳಿ ಕಡೆ ಕೆಲವು ಜಾಗ ಕಷ್ಟಾನೇ. ಇಲ್ಲಿ ಪರವಾಗಿಲ್ಲ, ಅಂಗಡೀಲಿ ಕೂತೇ ಮಾತಾಡ್ತಿದ್ದೀನಿ. ನೀವೆಲ್ಲಿದ್ದೀರ ಭಾವ? ಬರೀ ಕಾಗೆ ಸದ್ದು.”

ವರದಿಗಾರನ ಕೆಲಸ ಪ್ರಶ್ನೆ ಕೇಳುವುದು, ಉತ್ತರಿಸುವುದಲ್ಲ. ಕೋಲು ಬೀಸಿ ಒಂದು ಕಾಗೆ ಓಡಿಸಿದೆ.

“ಟ್ಯಾಂಕ್ ಮೇಲೆ ಹತ್ತಿ ನಿಂತಿದ್ದಾರೆ ಕಣಪ್ಪಾ!” ಸರೋಜಮ್ಮ ಇಡೀ ರಸ್ತೆಗೆ ಪ್ರಕಟಿಸಿದರು.

ಹೀಗೆ ನನ್ನ ಮೊದಲ ವಾಕ್ಯ ಎರಡು ಮೂಲಗಳಿಂದ ದೃಢಪಟ್ಟಿತು. ಊರು ಮಾತ್ರ ಬೇರೆಯಾಗಿತ್ತು. ಆ ವಾಕ್ಯವನ್ನು ಹೊಡೆದುಹಾಕಿ, ಶಿವು ಹೇಳಿದ್ದನ್ನು ಫೋನಿನಲ್ಲೇ ಬರೆದು, ಟ್ಯಾಂಕ್ ಮೇಲಿಂದಲೇ ಐದಕ್ಕೆ ಮುಂಚೆ ಕಳಿಸಿದೆ. ಒಂದು ಸಂಡಿಗೆಯೂ ಕಾಗೆಯ ಪಾಲಾಗಲಿಲ್ಲ.

ಲೇಖನ ಬುಧವಾರ ಪ್ರಕಟವಾಯಿತು. ಶಿವು ಅದನ್ನು ಅಂಗಡಿಯಲ್ಲಿ ಕೂತೇ ಓದಿ ನನಗೆ ಉದ್ದನೆಯ ಮೆಸೇಜ್ ಕಳಿಸಿದ್ದಾನೆಂದು, ಆಫೀಸಿನಿಂದ ಬಂದ ಹೆಂಡತಿ ತಿಳಿಸಿದಳು. ನನಗದು ಇನ್ನೂ ತಲುಪಿಲ್ಲ. ಇವತ್ತು ಟ್ಯಾಂಕ್ ಮೇಲೂ ಹಪ್ಪಳ ಒಣಗುತ್ತಿದೆ.