ಮೂರು ನೀರಿನಲ್ಲಿ ತೊಳೆದ ಕೆಸರು

ನನ್ನ ನೆನಪಿನ ಮೇಲೆ ನನಗೆ ಪೂರ್ತಿ ವಿಶ್ವಾಸವಿಲ್ಲ. ಬೇರೆಯವರ ನೆನಪಿನ ಮೇಲೆ ಅದಕ್ಕಿಂತಲೂ ಕಡಿಮೆ. ಎಲ್ಲವನ್ನೂ ಸಂಶಯಿಸಬೇಕೆಂದು ವಿಶ್ವವಿದ್ಯಾನಿಲಯ ಕಲಿಸಿತು. ಎಲ್ಲಿ ನಿಲ್ಲಿಸಬೇಕೆಂದು ಹೇಳಲಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮಾಣಿಯಲ್ಲಿ ಬಸ್ಸಿಳಿದು ಬಂಟ್ವಾಳಕ್ಕೆ ಮರಳಿದವನು ನಾನು. ಬೀಗ ಹಾಕಿತ್ತು.

ಒಂದು ಸಂಗತಿಯಲ್ಲಿ ಮಾತ್ರ ನನಗೆ ಸಂಶಯವೇ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಗುರುವಾಯನಕೆರೆಯ ಅಶ್ರಫನೂ ಒಂದೇ ಪ್ರಯೋಗಾಲಯದಲ್ಲಿ ಸಮುದ್ರತಳದ ಕೆಸರನ್ನು ಪರೀಕ್ಷಿಸುತ್ತಿದ್ದೆವು. ಸತ್ತ ಜೀವಿಗಳಿಂದ ಬಂದ ಇಂಗಾಲ ಅದರಲ್ಲಿ ಎಷ್ಟಿದೆ ಎಂಬುದು ಪ್ರಶ್ನೆ. ಚಿಪ್ಪಿನ ಸುಣ್ಣದಲ್ಲಿಯೂ ಇಂಗಾಲವಿರುವುದರಿಂದ ಮೊದಲು ಆಸಿಡ್ ಹಾಕಿ ಸುಣ್ಣವನ್ನು ಕರಗಿಸಬೇಕು. ಆಮೇಲೆ ನಾನು ಕೆಸರನ್ನು ಮೂರು ನೀರಿನಲ್ಲಿ ತೊಳೆಯುತ್ತಿದ್ದೆ. ಅಶ್ರಫ್ ತೊಳೆಯದೆ ಒಣಗಿಸುತ್ತಿದ್ದ. ಒಂದೇ ಡಬ್ಬದ ಕೆಸರಾದರೂ ಅವನ ಲೆಕ್ಕ ಯಾವಾಗಲೂ ನನ್ನದಕ್ಕಿಂತ ಹೆಚ್ಚು. ಅವನ ಕೆಲಸ ಅಚ್ಚುಕಟ್ಟಲ್ಲವೆಂದು ನಾನು ನಮ್ಮ ಪಿಎಚ್.ಡಿ. ಗೈಡಿಗೆ ಹೇಳಿದೆ. ಪಾಪ, ಅವನು ಪ್ರಬಂಧದ ಒಂದು ಅಧ್ಯಾಯವನ್ನೇ ಮತ್ತೆ ಮಾಡಬೇಕಾಯಿತು. ಕೊನೆಗೆ ನಾನು ತೊಳೆದ ನೀರನ್ನು ಬತ್ತಿಸಿ, ತಳದ ಕಂದು ಅಂಟನ್ನು ಪರೀಕ್ಷಿಸಿದಾಗ ನನ್ನ ಲೆಕ್ಕದಿಂದ ಕಾಣೆಯಾದ ಇಂಗಾಲ ಅದರಲ್ಲಿ ಸಿಕ್ಕಿತು; ಅಶ್ರಫನ ಲೆಕ್ಕವೇ ಸರಿಯಾಗಿತ್ತು. ಆ ನೀರನ್ನೂ ನೋಡುವ ಎಂದು ಮೊದಲು ಹೇಳಿದವನು ನಾನು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರತಿ ವರ್ಷವೂ ಹೀಗೆಯೇ ಪಾಠ ಮಾಡಿಕೊಂಡು ಬಂದೆ.

ಒಂದು ವರ್ಷ ಗಲ್ಫಿನಿಂದ ರಜೆಯಲ್ಲಿ ಬಂದ ಅಶ್ರಫ್ ಹಿಂದಿನ ಬೆಂಚಿನಲ್ಲಿ ಕುಳಿತು ಈ ಪಾಠ ಕೇಳಿದ. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೇಳಿದ.

"ಕಥೆ ಚಂದ ಉಂಟು. ಅದರಲ್ಲಿ ನಾನು ಎಲ್ಲಿ ಮಾರಾಯ?"

"ನೀನು ತೊಳೆಯದವನು."

"ಗಂಜಿಯ ತೆಳಿ ಚೆಲ್ಲಿ, ಅನ್ನದಲ್ಲಿ ಸತ್ವ ಇಲ್ಲ ಅಂತ ಹೇಳುವವನ ಹಾಗೆ ಮಾಡ್ತೀ ಅಂತ ನಿನಗೆ ಹೇಳಿದ್ದು ಯಾರು?"

"ನೆನಪಿಲ್ಲ."

"ಅದು ಗೊತ್ತುಂಟು. ಪುಸ್ತಕ ನೋಡುವ."

ನಮ್ಮಿಬ್ಬರ ಪ್ರಯೋಗಗಳನ್ನು ಬರೆದಿಟ್ಟ ಪುಸ್ತಕ ಸ್ಟಾಫ್ ರೂಮಿನ ನನ್ನ ಕಪಾಟಿನಲ್ಲಿತ್ತು. ಎಲ್ಲದಕ್ಕೂ ಆಧಾರ ಕೇಳುವವನಲ್ಲವೇ, ಉತ್ಸಾಹದಿಂದಲೇ ತೆರೆದೆ. ಒಂದು ಪುಟದ ಅಂಚಿನಲ್ಲಿ ಹೀಗಿತ್ತು: 'ತೊಳೆದ ನೀರನ್ನು ಚೆಲ್ಲಬೇಡ, ಬತ್ತಿಸಿ ನೋಡುವ ಎನ್ನುತ್ತಾನೆ ಅಶ್ರಫ್. ಅಗತ್ಯವಿಲ್ಲ.'

ಅಕ್ಷರ ನನ್ನದೇ. ಅದನ್ನೂ ಸಂಶಯಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆಗಲೂ ನನ್ನದೇ.

"ನಾಳೆ ಕ್ಲಾಸ್ ಉಂಟಾ?" ಅಶ್ರಫ್ ಕೇಳಿದ.

"ಉಂಟು."

"ನಾನು ಬರ್ತೇನೆ."

ಮರುದಿನ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ವಿದ್ಯಾರ್ಥಿಗಳು ಹಿಂದಕ್ಕೆ ತಿರುಗಿ ಅಶ್ರಫನಿಗೆ ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಕೊಂಡದ್ದಕ್ಕೆ ನನಗೂ ಒಂದಿಷ್ಟು ತಟ್ಟಿದರೆಂದು ನನ್ನ ನೆನಪು. ಅಶ್ರಫನನ್ನು ಕೇಳಲು ಹೋಗಿಲ್ಲ.