ಲಾಡಸಾಬನ ಪಿಕಪ್ಪಿಗೆ ಸತ್ಕಾರ

ಲಕ್ಷ್ಮೇಶ್ವರದ ಲಾಡಸಾಬನ ಪಿಕಪ್ಪನ್ನು ದಿಮ್ಮಿಗಳ ಮೇಲಿಂದ ಕೆಳಗಿಳಿಸುವುದು ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರುವ ಕೃತ್ಯವೆಂದು ರಸ್ತೆ ಸುರಕ್ಷತಾ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಆತುರದ ತೀರ್ಮಾನವಲ್ಲ. ನಡುವೆ ಮಿರ್ಚಿ ಭಜಿ, ಚಹಾ ಎರಡೂ ಆಗಿವೆ.

ಲಾಡಸಾಬ ಮದುವೆ ಮನೆಗಳಿಗೆ ಅಡಿಗೆಯ ದೊಡ್ಡ ಡೇಗುಗಳನ್ನು ಬಾಡಿಗೆಗೆ ಒಯ್ದು ಕೊಡುವವನು. ಆ ಭಾನುವಾರ ಶಿರಹಟ್ಟಿಯಲ್ಲಿ ಅವನ ತಂಗಿಯ ಮಗಳು ಮುನ್ನಿಯ ನಿಕಾಹ್ ಇತ್ತು. ಡೇಗು ಹೋಗದಿದ್ದರೆ ಬಿರಿಯಾನಿ ಇಲ್ಲ, ಬಿರಿಯಾನಿ ಇಲ್ಲದಿದ್ದರೆ ಬೀಗರೆದುರು ತಂಗಿ ತಲೆ ಎತ್ತುವಂತಿಲ್ಲ. ಪಿಕಪ್ಪಿನ ಮುಂದಿನ ಟೈರುಗಳು ಸವೆದಿದ್ದವು. ಹಿಂದಿನವನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿದರಾಯಿತೆಂದು ಅವನು ಮನೆ ಮುಂದೆಯೇ ಕೆಲಸಕ್ಕಿಳಿದ.

ಇಲ್ಲಿ ಅವನು ಮಾಡಿದ ತಪ್ಪನ್ನು ಹೇಳಲೇಬೇಕು. ಎಲ್ಲವನ್ನೂ ಸರಿಯಾಗಿ ಮಾಡಿದ. ಗಟ್ಟಿಯಾದ ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟ. ಗಾಡಿ ನೆಲದ ಮೇಲಿದ್ದಾಗಲೇ ನಟ್ಟು ಸಡಿಲಿಸಿದ. ಜಾಕಿನ ಕೆಳಗೆ ಹಲಗೆಯಿಟ್ಟು ಒಂದೊಂದೇ ಮೂಲೆ ಎತ್ತಿದ. ಬರೀ ಜಾಕನ್ನು ನಂಬದೆ ನಾಲ್ಕೂ ಕಡೆ ಜಾಲಿಮರದ ದಿಮ್ಮಿ ಕೊಟ್ಟ.

ಇನ್ನೇನು ಟೈರು ಬಿಚ್ಚಬೇಕು, ಸಮಿತಿಯ ಕಾರ್ಯದರ್ಶಿ ಕಿರಣಕುಮಾರ ಅತ್ತ ಬಂದರು. ಸುರಕ್ಷತಾ ಸಪ್ತಾಹ ಮುಗಿಯುತ್ತ ಬಂದರೂ ಅವರಿಗೆ ಸತ್ಕರಿಸಲು ಯೋಗ್ಯವಾದದ್ದು ಒಂದೂ ಸಿಕ್ಕಿರಲಿಲ್ಲ. ಕೂಡಲೇ ಮೈಕು, ಶಾಲು, ಮಾಲೆ ಬಂದವು. ಲಾಡಸಾಬ ಕೊರಳು ಮುಂದೆ ಮಾಡಿದ. ಶಾಲು ಬಾನೆಟ್ಟಿಗೆ ಹೋಯಿತು.

ಸತ್ಕಾರ ಪಡೆದ ವಸ್ತುವನ್ನು ಮುಖ್ಯ ಅತಿಥಿಗಳು ನೋಡುವ ತನಕ ಅಲುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮುಖ್ಯ ಅತಿಥಿಗಳು ಮುಂಡರಗಿಯಲ್ಲಿದ್ದರು. ಅಲ್ಲಿಯೂ ಸತ್ಕಾರವಿತ್ತು.

"ಸಾಹೇಬ್ರ, ಇಳಸ್ತೀನ್ರಿ. ಭಾನುವಾರ ಮದವಿಗೆ ಡೇಗು ಮುಟ್ಟಬೇಕ್ರಿ" ಎಂದ ಲಾಡಸಾಬ.

"ಓಡೋ ಗಾಡಿಗೆ ಅಪಘಾತ ಆಗತೈತಿ, ಏರಿಸಿಟ್ಟ ಗಾಡಿಗೆ ಆಗೂದಿಲ್ಲ" ಎಂದರು ಕಿರಣಕುಮಾರ. "ಮದವಿ ಮುಂದ ಹಾಕಬಹುದು, ಲಾಡಸಾಬ. ಸುರಕ್ಷತಾ ಮುಂದ ಹಾಕಾಕ ಬರೂದಿಲ್ಲ."

ಸಂಜೆ ಮೈಕಿನಲ್ಲಿ ಪ್ರಕಟಣೆ ಹೊರಟಿತು: "ಎತ್ತಿದ ವಾಹನವನ್ನು ಸೂಕ್ತ ಕಾರಣವಿಲ್ಲದೆ ಇಳಿಸತಕ್ಕದ್ದಲ್ಲ. ಪ್ರಯಾಣವು ಸೂಕ್ತ ಕಾರಣವಲ್ಲ."

ಬೇರೆ ಗಾಡಿ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಶಾಲಿನ ಖಬರು ಹಬ್ಬಿದ್ದೇ ತಡ, ಊರಿನ ಉಳಿದ ಪಿಕಪ್ ಮಾಲಕರೂ ದಿಮ್ಮಿ ಹುಡುಕಲು ಹೊರಟರು. ಶನಿವಾರದ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿ ನೆಲ ಮುಟ್ಟಿದ ಪಿಕಪ್ಪೇ ಉಳಿದಿರಲಿಲ್ಲ. ಬಸ್ಸಿನವರನ್ನು ಕೇಳಿದರೆ, ಡೇಗಿನೊಳಗೆ ಯಾರಾದರೂ ಕೂತರೆ ಟಿಕೆಟ್ ಹರಿಯಬಹುದು, ಖಾಲಿ ಡೇಗಿಗೆ ನಿಯಮವಿಲ್ಲ ಎಂದರು. ತಂಗಿ ಫೋನಿನಲ್ಲಿ ಅತ್ತಳು. ಬಾನೆಟ್ಟಿಗೆ ಶಾಲು ಹೊದ್ದ ಗಾಡಿಯನ್ನು ನೋಡಿದಷ್ಟೂ ಲಾಡಸಾಬನಿಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಅವನ ಹೆಂಡತಿ ದಿಲಶಾದಬಿ ಸೆರಗು ಸಿಕ್ಕಿಸಿ ನಿಂತಳು. "ಡೇಗು ಮದವಿಗೆ ಹೋಗಾಕ ಬರದಿದ್ರ, ಮದವಿನ ಡೇಗಿನ ಕಡೆ ಬರಲಿ."

ಮದುವೆ ಬಸ್ಸಿನಲ್ಲಿ ಬಂತು. ಅಷ್ಟು ಎತ್ತರದ, ಅಲುಗಾಡದ ವೇದಿಕೆ ಹತ್ತಿರದಲ್ಲಿ ಬೇರೆ ಇರಲಿಲ್ಲವಾದ್ದರಿಂದ ವರನನ್ನು ಪಿಕಪ್ಪಿನ ಮೇಲೆಯೇ ಕೂರಿಸಿ ನಿಕಾಹ್ ಓದಿಸಿದರು. ಇಂಥ ಸ್ಟೇಜು ಗದಗದಲ್ಲೂ ನೋಡಿಲ್ಲವೆಂದು ಬೀಗರು ಹೇಳಿದಾಗ ತಂಗಿಯ ತಲೆ ತಾನಾಗಿ ಮೇಲೆದ್ದಿತು. ಬಿರಿಯಾನಿಯ ದಮ್ಮು ತೆರೆದ ವೇಳೆಗೆ ಸರಿಯಾಗಿ ಮುಖ್ಯ ಅತಿಥಿಗಳು ಆಗಮಿಸಿದರು. ಅವರಿಗೆಂದು ಬೇರೆ ಶಾಲು ಇರಲಿಲ್ಲ, ಬಾನೆಟ್ಟಿನದನ್ನೇ ತೆಗೆದು ಹೊದಿಸಲಾಯಿತು. ಅವರು ಸುರಕ್ಷತೆಯ ಬಗ್ಗೆ ಮಾತಾಡಿ ಎರಡನೇ ಸಲ ಬಡಿಸಿಕೊಂಡರು.

ಕೈ ತೊಳೆದುಕೊಂಡ ಕಿರಣಕುಮಾರ, "ಆತು ಲಾಡಸಾಬ, ಇನ್ನ ಇಳಸ್ರಿ" ಎಂದರು.

ಲಾಡಸಾಬ ದಿಮ್ಮಿಗಳನ್ನು ಒಮ್ಮೆ ತಟ್ಟಿ ನೋಡಿದ.

"ಇಳಸೂದು ಅಪಾಯ ಅಂತ ನೀವ ಹೇಳೀರ್ರಿ. ಮತ್ತ ಬರೂ ಭಾನುವಾರ ಇದರ ಮ್ಯಾಲ ಕೋಟುಮಚಗಿಯವರ ಮದವಿ ಐತ್ರಿ."

ಸಮಿತಿ ಅಲ್ಲಿಯೇ ಸಭೆ ಸೇರಿ ಮೇಲ್ಕಂಡ ತೀರ್ಮಾನವನ್ನು ಅಂಗೀಕರಿಸಿತು. ಟೈರುಗಳನ್ನು ಅದಲುಬದಲು ಮಾಡುವ ಪ್ರಶ್ನೆ ಸದ್ಯಕ್ಕೆ ಉದ್ಭವಿಸುವುದಿಲ್ಲ, ಅವು ಸವೆಯುವುದೇ ನಿಂತಿದೆ.